ಯಾವ ಪೇಟೆಗೆ ಯಾವ ಆಟ

ತೊಂಬತ್ತರ ದಶಕದ ಕೊನೆಯಲ್ಲಿ ಹಿರೇಕೆರೂರಿನ ಹುಡುಗರಾದ ನಮಗೆಲ್ಲ ಒಂದೇ ಹುಚ್ಚು, ಟೀವಿ ಗೇಮ್. ರೇಡಿಯೊ ರಿಪೇರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಇಂಚಿನ ಟೀವಿ, ಅದರ ಮುಂದೆ ಬಿಳಿ ಪೆಟ್ಟಿಗೆ, ವೈರಿನ ತುದಿಗೆ ಎರಡು ರಿಮೋಟು. ಅರ್ಧ ತಾಸಿಗೆ ಇಷ್ಟು ಎಂದು ದುಡ್ಡು ಕೊಟ್ಟು ಬಾಗಿಲಲ್ಲಿ ಸರದಿ ಕಾಯಬೇಕು. ಆಟ ಶುರುವಾಗದಿದ್ದರೆ ಕ್ಯಾಸೆಟ್ ಕಿತ್ತು, ಬುಡಕ್ಕೆ ಉಫ್ ಎಂದು ಊದಿ, ಮತ್ತೆ ಒತ್ತಿ ಕೂಡಿಸುವುದು. ಊದಿದ್ದರಿಂದಲೇ ಆಟ ಬಂತು ಎಂದು ನಾವು ನಂಬಿದ್ದೆವು. ಕೆಲಸ ಮಾಡುತ್ತಿದ್ದುದು ಉಸಿರಲ್ಲ; ಕಿತ್ತು ಮತ್ತೆ ತುರುಕುವಾಗ ತಾಮ್ರಕ್ಕೆ ತಾಮ್ರ ಉಜ್ಜಿ ಮೇಲಿನ ಕೊಳೆ ಹೋಗುತ್ತಿತ್ತು. ಬಾಯಿಯ ತೇವ ತಾಮ್ರಕ್ಕೆ ಕೇಡೇ.

ಕೆಟ್ಟುಹೋದ ಒಂದು ಕ್ಯಾಸೆಟ್ಟನ್ನು ಅಂಗಡಿಯವರಿಂದ ಕೇಳಿ ತಂದು ಮನೆಯಲ್ಲಿ ಬಿಚ್ಚಿದೆ. ಒಳಗೆ ಟೇಪು ಇರಲಿಲ್ಲ. ಅಂಗೈಗಿಂತ ಸಣ್ಣ ಹಸಿರು ಹಲಗೆ, ಅದರ ನಡುವೆ ಕರಿ ಅರಗಿನ ಬೊಟ್ಟು, ಕೆಳಗಿನ ಅಂಚಿಗೆ ಬಾಚಣಿಗೆಯ ಹಲ್ಲಿನಂತೆ ತಾಮ್ರದ ಪಟ್ಟಿಗಳು. ಈ ಬದಿಗೆ ಮೂವತ್ತು, ಆ ಬದಿಗೆ ಮೂವತ್ತು. ಆ ಅರವತ್ತು ಹಲ್ಲಿನ ಲೆಕ್ಕ ಎಲ್ಲಿಂದ ಬಂತು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 14,800 ಯೆನ್‌ಗೆ ಮಾರಾಟಕ್ಕಿಟ್ಟ ಫ್ಯಾಮಿಕಾಮ್ ಎಂಬ ಯಂತ್ರದ ಲೆಕ್ಕ ಅದು. ನಮ್ಮೂರಿಗೆ ಬಂದದ್ದು ಅದರ ನಕಲು. ಹೆಸರು ಬೇರೆ, ಹೊಟ್ಟೆ ಅದೇ.

ಅದರಲ್ಲಿ ನಾವು ಹೆಚ್ಚಾಗಿ ಆಡುತ್ತಿದ್ದುದು ಕಾಂಟ್ರಾ. ಕೊನಾಮಿ ಎಂಬ ಜಪಾನಿ ಕಂಪನಿಯ ಈ ಆಟ ಫ್ಯಾಮಿಕಾಮ್‌ಗೆ 1988ರ ಫೆಬ್ರುವರಿಯಲ್ಲಿ ಬಂತು. ಜಪಾನಿನ ಕ್ಯಾಸೆಟ್ಟಿನಲ್ಲಿ ಮೊದಲ ಹಂತದ ಕಾಡಿನ ಮರಗಳು ತೂಗಾಡುತ್ತವೆ, ಹಿಮದ ಹಂತದಲ್ಲಿ ಹಿಮ ಬೀಳುತ್ತದೆ. ಅದೇ ವರ್ಷ ಅದೇ ಕಂಪನಿ ಅಮೆರಿಕದಲ್ಲಿ ಮಾರಿದ ಕ್ಯಾಸೆಟ್ಟಿನಲ್ಲಿ ಮರ ಅಲುಗುವುದಿಲ್ಲ, ಹಿಮ ಬೀಳುವುದಿಲ್ಲ. ಜಪಾನಿನಲ್ಲಿ ಕೊನಾಮಿಗೆ ತನ್ನದೇ ಚಿಪ್ ಹಾಕಿ ತಾನೇ ಕ್ಯಾಸೆಟ್ ಮಾಡಿಕೊಳ್ಳುವ ಹಕ್ಕಿತ್ತು. ಅಮೆರಿಕದಲ್ಲಿ ನಿಂಟೆಂಡೊ ಮಾಡಿಕೊಟ್ಟ ಹಲಗೆಯಲ್ಲೇ ಆಟವನ್ನು ಹೊಂದಿಸಬೇಕಿತ್ತು. ಪರದೆಯ ಮೇಲೆ ಒಂದು ಮರ ಅಲುಗಬೇಕೋ ಬೇಡವೋ ಎನ್ನುವುದನ್ನು ಒಂದು ಕರಾರುಪತ್ರ ತೀರ್ಮಾನಿಸಿತ್ತು.

ಆಟ ಬರೆಯುವವರು ಯಾವ ಯಂತ್ರಕ್ಕೆ ಬರೆಯಬೇಕೆಂದು ಹೇಗೆ ಆರಿಸುತ್ತಾರೆ ಎಂಬುದು ಈ ಅಧ್ಯಾಯದ ಪ್ರಶ್ನೆ. ಯಂತ್ರ ಎಷ್ಟು ಗಟ್ಟಿ, ಚಿತ್ರ ಎಷ್ಟು ಚೆಂದ ಎನ್ನುವುದರಿಂದ ಶುರುಮಾಡಿದರೆ ಉತ್ತರ ಸಿಗುವುದಿಲ್ಲ. ನನಗೆ ಅದರ ಮೊದಲ ಪಾಠ ಸಿಕ್ಕಿದ್ದು ಮೆಣಸಿನಕಾಯಿಯಿಂದ.

ನಮ್ಮ ದೊಡ್ಡಪ್ಪ ಎರಡೆಕರೆ ಮೆಣಸಿನಕಾಯಿ ಹಾಕುತ್ತಿದ್ದರು. ಕಾಯಿ ಒಣಗಿಸಿ, ಚೀಲಕ್ಕೆ ತುಂಬಿ, ಬ್ಯಾಡಗಿಗೆ ಒಯ್ಯುತ್ತಿದ್ದರು. ಹಿರೇಕೆರೂರಿನಲ್ಲೂ ಎಪಿಎಂಸಿ ಇದೆ. ಒಮ್ಮೆ ಕೇಳಿದೆ: “ಊರಾಗ ಎಪಿಎಂಸಿ ಐತಿ, ಮತ್ಯಾಕ ಬ್ಯಾಡಗಿಗೆ ಒಯ್ತೀರಿ ದೊಡ್ಡಪ್ಪ?”

“ತಗೊಳ್ಳೋರು ಅಲ್ಲೆ ಬಂದಿರ್ತಾರೋ ತಮ್ಮಾ.”

“ಅವರ್ಯಾಕ ಅಲ್ಲಿಗೇ ಬರ್ತಾರ?”

“ನಾವೆಲ್ಲಾ ಅಲ್ಲಿಗೇ ಒಯ್ತೀವಲ್ಲ, ಅದಕ್ಕ.”

ದೊಡ್ಡಪ್ಪ ಮಾತು ತಪ್ಪಿಸಿಕೊಂಡರು ಎಂದು ಅಂದು ನನಗನಿಸಿತು. ಅವರು ಹೇಳಿದ್ದು ಪೂರ್ತಿ ಉತ್ತರವಾಗಿತ್ತು. ಬ್ಯಾಡಗಿಗೆ ಸುತ್ತಲಿನ ಡಬ್ಬಿ, ಕಡ್ಡಿ ಮೆಣಸಿನಕಾಯಿಯಷ್ಟೇ ಬರುವುದಿಲ್ಲ. ಬಳ್ಳಾರಿ, ರಾಯಚೂರು, ಗಡಿಯಾಚೆಯ ಕರ್ನೂಲಿನಿಂದಲೂ ಲಾರಿಗಳು ಬರುತ್ತವೆ. ಅಷ್ಟು ಮಾಲು ಒಂದೇ ಕಡೆ ಸಿಗುವುದರಿಂದ ಮಸಾಲೆ ಕಂಪನಿಯವರು, ಕಾಯಿಯಿಂದ ಕೆಂಪು ಬಣ್ಣ ತೆಗೆಯುವ ಕಾರ್ಖಾನೆಯವರು ಅಲ್ಲಿಗೇ ಬರುತ್ತಾರೆ. ಅವರು ಬರುವುದರಿಂದ ಮಾಲು ಇನ್ನಷ್ಟು ಬರುತ್ತದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಎರಡು ಬದಿಯ ಮಾರುಕಟ್ಟೆ ಎನ್ನುತ್ತಾರೆ. ಫ್ರಾನ್ಸಿನ ಜ್ಯಾನ್-ಶಾರ್ಲ್ ರೋಶೆ ಮತ್ತು ಜ್ಯಾನ್ ತಿರೋಲ್ 2003ರಲ್ಲಿ ಇದರ ಗಣಿತವನ್ನು ಪ್ರಕಟಿಸಿದರು; ತಿರೋಲ್ ಅವರಿಗೆ 2014ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕೊಟ್ಟ ಉದಾಹರಣೆಗಳಲ್ಲಿ ವಿಡಿಯೊ ಗೇಮ್ ಯಂತ್ರವೂ ಒಂದು. ಒಂದು ಬದಿಗೆ ಆಡುವವರು, ಇನ್ನೊಂದು ಬದಿಗೆ ಆಟ ಬರೆಯುವವರು, ನಡುವೆ ಯಂತ್ರದ ಕಂಪನಿ. ಒಂದು ಬದಿ ತುಂಬಿದಷ್ಟೂ ಇನ್ನೊಂದು ಬದಿಗೆ ಅದರ ಬೆಲೆ ಏರುತ್ತದೆ. ಹಾಗಾಗಿ ನಡುವೆ ಕೂತವನು ಎರಡೂ ಬದಿಗೆ ಒಂದೇ ದರ ಹಾಕುವುದಿಲ್ಲ. ಯಾರು ಬಂದರೆ ಉಳಿದವರು ಬರುತ್ತಾರೋ ಅವರನ್ನು ಅಗ್ಗದಲ್ಲಿ ಒಳಗೆ ಬಿಡುತ್ತಾನೆ, ಇನ್ನೊಂದು ಬದಿಯಿಂದ ವಸೂಲು ಮಾಡುತ್ತಾನೆ. ನಮ್ಮ ಎಪಿಎಂಸಿಯಲ್ಲಿ ಕಾಯ್ದೆಯ ಪ್ರಕಾರ ದಲಾಲಿ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಗೇಮ್ ಯಂತ್ರದಲ್ಲಿ ಇದು ತಿರುವುಮುರುವು. ಕೊಳ್ಳುವ ಹುಡುಗನಿಗೆ ಪೆಟ್ಟಿಗೆ ಅಗ್ಗ, ಕೆಲವೊಮ್ಮೆ ತಯಾರಿಕೆಯ ಖರ್ಚಿಗಿಂತಲೂ ಕಡಿಮೆ. 2006ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3ನ್ನು ಹಾಗೆಯೇ ನಷ್ಟಕ್ಕೆ ಮಾರಿತು. ಆ ನಷ್ಟ ತುಂಬುವುದು ಆಟದ ಕಂಪನಿ ಪ್ರತಿ ಪ್ರತಿಗೆ ಕಟ್ಟುವ ಪಾಲಿನಿಂದ. ಈಗಿನ ಡಿಜಿಟಲ್ ಅಂಗಡಿಗಳಲ್ಲಿ ಆ ಪಾಲು ಸಾಮಾನ್ಯವಾಗಿ ನೂರಕ್ಕೆ ಮೂವತ್ತು.

ಫ್ಯಾಮಿಕಾಮ್ ಕಾಲದಲ್ಲಿ ಆ ಪಾಲು ಬರೀ ದುಡ್ಡಿನದಾಗಿರಲಿಲ್ಲ. ಹೆಚ್ಚಿನ ಕಂಪನಿಗಳು ಕ್ಯಾಸೆಟ್ಟುಗಳನ್ನು ನಿಂಟೆಂಡೊದಿಂದಲೇ ಮಾಡಿಸಿಕೊಳ್ಳಬೇಕು, ಸಾವಿರಗಟ್ಟಲೆ ಆರ್ಡರ್ ಕೊಡಬೇಕು, ಹಣ ಮುಂಗಡ ಕಟ್ಟಬೇಕು. ಅಮೆರಿಕದಲ್ಲಂತೂ ವರ್ಷಕ್ಕೆ ಐದೇ ಆಟ ಎಂಬ ಮಿತಿ, ಬಿಟ್ಟ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡಬಾರದೆಂಬ ಷರತ್ತು. ಐದರ ಮಿತಿ ದಾಟಲು ಕೊನಾಮಿ ಅಲ್ಟ್ರಾ ಗೇಮ್ಸ್ ಎಂಬ ಇನ್ನೊಂದು ಹೆಸರು ಕಟ್ಟಿಕೊಂಡು ಅದರಡಿ ಮತ್ತಷ್ಟು ಆಟ ಮಾರಿತು. ಇಷ್ಟು ಬಿಗಿಯಿದ್ದರೂ ಹೆಚ್ಚಿನವರು ಬಿಟ್ಟುಹೋಗಲಿಲ್ಲ. ಎಲ್ಲಿಗೆ ಹೋಗಬೇಕು? ಆಡುವವರೆಲ್ಲ ಅಲ್ಲಿದ್ದರು. 1988ರ ಫೆಬ್ರುವರಿ 10ರಂದು ಎನಿಕ್ಸ್ ಕಂಪನಿಯ ಮೂರನೆಯ ಡ್ರ್ಯಾಗನ್ ಕ್ವೆಸ್ಟ್ ಬಂದ ದಿನ ಟೋಕಿಯೊದ ಅಂಗಡಿಗಳ ಮುಂದೆ ಕಿಲೋಮೀಟರುಗಟ್ಟಲೆ ಸಾಲು. ಶಾಲೆ ತಪ್ಪಿಸಿ ಸಾಲಿನಲ್ಲಿ ನಿಂತ ಮಕ್ಕಳನ್ನು ಪೊಲೀಸರು ಹಿಡಿದು ಬುದ್ಧಿ ಹೇಳಬೇಕಾಯಿತು.

ಒಂದೇ ಪೇಟೆಗೆ ಎಲ್ಲರೂ ಕಟ್ಟುಬಿದ್ದಾಗ ಆಗುವ ನೋವು ನಮ್ಮ ಜಿಲ್ಲೆಗೆ ಹೊಸದಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಏಕಾಏಕಿ ಬಿದ್ದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿತು, ವಾಹನಗಳು ಹೊತ್ತಿ ಉರಿದವು. ಚೀಲ ಹೊತ್ತು ತಂದವನಿಗೆ ಅವತ್ತು ಬೇರೆ ಬಾಗಿಲಿರಲಿಲ್ಲ. ಆಟದ ಕಂಪನಿಗಳು ಬೀದಿಗಿಳಿಯಲಿಲ್ಲ. ಬೇರೆ ಬಾಗಿಲು ತೆರೆಯುವುದನ್ನು ಕಾದು ಕೂತವು. ತೊಂಬತ್ತರ ದಶಕದ ನಡುವೆ ಅದು ತೆರೆಯಿತು.

ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ಕ್ವೇರ್ ಎಂಬ ಕಂಪನಿ 1987ರಿಂದ ಫೈನಲ್ ಫ್ಯಾಂಟಸಿ ಸರಣಿಯ ಆರು ಆಟಗಳನ್ನು ನಿಂಟೆಂಡೊ ಯಂತ್ರಗಳಿಗೇ ಬರೆದಿತ್ತು. 1994ರಲ್ಲಿ ಬಂದ ಆರನೆಯದು 3 ಮೆಗಾಬೈಟ್ ಹಿಡಿಯುವ ಕ್ಯಾಸೆಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ಬೆಲೆ ಮಾತ್ರ 11,400 ಯೆನ್, ಒಂದು ಫ್ಯಾಮಿಕಾಮ್ ಯಂತ್ರದ ಬೆಲೆಯ ಮುಕ್ಕಾಲು ಪಾಲಿಗೂ ಹೆಚ್ಚು. ಕ್ಯಾಸೆಟ್ಟೆಂದರೆ ಚಿಪ್, ದೊಡ್ಡ ಆಟಕ್ಕೆ ದೊಡ್ಡ ಚಿಪ್ ಬೇಕು, ಚಿಪ್ ಹಿಗ್ಗಿದಷ್ಟೂ ಬೆಲೆ ಹಿಗ್ಗುತ್ತದೆ.

1994ರ ಡಿಸೆಂಬರ್ 3ರಂದು ಸೋನಿ ತನ್ನ ಮೊದಲ ಪ್ಲೇಸ್ಟೇಷನ್ ತಂದಿತು. ಅದರಲ್ಲಿ ಆಟ ಬರುತ್ತಿದ್ದುದು ಸಿಡಿಯಲ್ಲಿ. ಒಂದು ಸಿಡಿ ಸುಮಾರು 650 ಮೆಗಾಬೈಟ್ ಹಿಡಿಯುತ್ತದೆ. ನಿಂಟೆಂಡೊ ತನ್ನ ಮುಂದಿನ ಯಂತ್ರ ನಿಂಟೆಂಡೊ 64ಕ್ಕೂ ಕ್ಯಾಸೆಟ್ಟನ್ನೇ ಉಳಿಸಿಕೊಂಡಿತು. 1996ರ ಜೂನ್‌ನಲ್ಲಿ ಯಂತ್ರದ ಜೊತೆಗೇ ಬಂದ ಸೂಪರ್ ಮಾರಿಯೊ 64 ಇದ್ದದ್ದು 8 ಮೆಗಾಬೈಟಿನಲ್ಲಿ. ಆ ಕ್ಯಾಸೆಟ್ ಮುಂದೆ ಎಷ್ಟೇ ಬೆಳೆದರೂ 64 ಮೆಗಾಬೈಟ್ ದಾಟಲಿಲ್ಲ.

ನಿಂಟೆಂಡೊದವರು ದಡ್ಡರಾಗಿರಲಿಲ್ಲ. ಅವರ ವಾದದಲ್ಲಿ ಸತ್ವವಿತ್ತು. ಚಿಪ್ಪಿನಿಂದ ಮಾಹಿತಿ ಕಣ್ಣುಮಿಟುಕಿಸುವಷ್ಟರಲ್ಲಿ ಬರುತ್ತದೆ. ಸಿಡಿ ಹಾಗಲ್ಲ, ತಟ್ಟೆ ತಿರುಗಬೇಕು, ಓದುವ ಕಣ್ಣು ಸರಿಯಾದ ಸುತ್ತಿಗೆ ಸರಿಯಬೇಕು. ಪ್ಲೇಸ್ಟೇಷನ್‌ನ ಸಿಡಿ ಒಂದು ಸೆಕೆಂಡಿಗೆ 300 ಕಿಲೋಬೈಟ್ ಓದುತ್ತಿತ್ತು. ಯಂತ್ರದ ಮುಖ್ಯ ನೆನಪು 2 ಮೆಗಾಬೈಟ್. ಅದನ್ನು ಒಮ್ಮೆ ತುಂಬಿಸಲು ಲೆಕ್ಕದ ಪ್ರಕಾರವೇ ಏಳು ಸೆಕೆಂಡು ಬೇಕು. ಕೈಯಲ್ಲಿ ರಿಮೋಟು ಹಿಡಿದ ಮಗುವಿಗೆ ಏಳು ಸೆಕೆಂಡು ಬಹಳ ಉದ್ದ. ಜೊತೆಗೆ ಸಿಡಿಯನ್ನು ನಕಲು ಮಾಡುವುದು ಸುಲಭ, ಚಿಪ್ಪನ್ನು ಕಷ್ಟ.

ಆದರೆ ಸ್ಕ್ವೇರ್‌ಗೆ ತನ್ನ ಏಳನೆಯ ಆಟದಲ್ಲಿ ಸಿನಿಮಾದಂಥ ದೃಶ್ಯಗಳು ಬೇಕಿದ್ದವು. ಮುಗಿಸಿದಾಗ ಆಟ ತುಂಬಿಕೊಂಡದ್ದು ಮೂರು ಸಿಡಿಗಳನ್ನು. ಅದು ಯಾವ ಕ್ಯಾಸೆಟ್ಟಿಗೂ ಹಿಡಿಸುವ ಮಾತಾಗಿರಲಿಲ್ಲ. 1996ರ ಆರಂಭದಲ್ಲೇ ಸ್ಕ್ವೇರ್ ಪ್ಲೇಸ್ಟೇಷನ್‌ಗೆ ಹೋಗುವುದಾಗಿ ಹೇಳಿತು. ನಿಂಟೆಂಡೊ 64 ಆಗಿನ್ನೂ ಅಂಗಡಿಗೇ ಬಂದಿರಲಿಲ್ಲ. 1997ರ ಜನವರಿ 31ರಂದು ಏಳನೆಯ ಫೈನಲ್ ಫ್ಯಾಂಟಸಿ 6,800 ಯೆನ್‌ಗೆ ಬಂತು. ಆರನೆಯದರ ಕ್ಯಾಸೆಟ್ಟಿನ ಇನ್ನೂರು ಪಟ್ಟಿಗಿಂತ ದೊಡ್ಡ ಒಂದೊಂದು ತಟ್ಟೆ, ಅಂಥವು ಮೂರು, ಹಿಂದಿನದಕ್ಕಿಂತ ಸಾವಿರಾರು ಯೆನ್ ಅಗ್ಗ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಜಾಗದ ಲೆಕ್ಕಕ್ಕೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಮುದ್ರಣದ ವೇಗ. ಕ್ಯಾಸೆಟ್ ಬೇಕಾದರೆ ತಿಂಗಳುಗಟ್ಟಲೆ ಮೊದಲೇ, ಎಷ್ಟು ಲಕ್ಷ ಪ್ರತಿ ಎಂದು ಊಹಿಸಿ ದುಡ್ಡು ಕಟ್ಟಬೇಕು. ಹೆಚ್ಚು ಮಾಡಿಸಿದರೆ ಗೋದಾಮಿನಲ್ಲಿ ಕೊಳೆಯುತ್ತದೆ. ಕಡಿಮೆ ಮಾಡಿಸಿದರೆ ಹೊಸ ಚಿಪ್ ಬರುವಷ್ಟರಲ್ಲಿ ಜನರ ಆಸೆ ಆರಿರುತ್ತದೆ. ಸಿಡಿ ಅಚ್ಚೊತ್ತಲು ಕೆಲವೇ ದಿನ ಸಾಕು, ಖರ್ಚೂ ಅಲ್ಪ. ಮೊದಲು ಸ್ವಲ್ಪ ಹೊಡೆಸಿ, ಖರ್ಚಾದ ಹಾಗೆ ಮತ್ತೆ ಹೊಡೆಸಬಹುದು. ಗೊಬ್ಬರದಂಗಡಿಯ ಸಾಲ ಹೊತ್ತು ಬಿತ್ತುವವನ ಎದೆಯ ಭಾರ ಏನೆಂದು ಗೊತ್ತಿರುವ ನಮಗೆ ಇದು ಬೇಗ ತಿಳಿಯುತ್ತದೆ. ಲಾಭಕ್ಕಿಂತ ಮೊದಲು ನಷ್ಟದ ಹೆದರಿಕೆ ಕಡಿಮೆಯಾಗಬೇಕು. ಹೆದರಿಕೆ ಕಡಿಮೆಯಾದದ್ದರಿಂದಲೇ ಸಣ್ಣ ಕಂಪನಿಗಳೂ ವಿಚಿತ್ರವಾದ, ಹೊಸ ಬಗೆಯ ಆಟಗಳನ್ನು ಪ್ಲೇಸ್ಟೇಷನ್‌ನಲ್ಲಿ ಬಿಡುವ ಧೈರ್ಯ ಮಾಡಿದವು.

ಸ್ಕ್ವೇರ್ ಹೋದ ಬೆನ್ನಿಗೆ ಎನಿಕ್ಸ್ ಕೂಡ ಹೊರಟಿತು. 1997ರ ಜನವರಿಯಲ್ಲಿ ಅದು ಏಳನೆಯ ಡ್ರ್ಯಾಗನ್ ಕ್ವೆಸ್ಟ್ ಪ್ಲೇಸ್ಟೇಷನ್‌ಗೆ ಎಂದು ಸಾರಿತು. ಆ ಸರಣಿಯ ವಾಡಿಕೆಯೇ ಹಾಗೆ: ಅತಿ ಹೆಚ್ಚು ಮನೆಗಳಲ್ಲಿ ಇರುವ ಯಂತ್ರಕ್ಕೇ ಬರುವುದು. ಆಟ ಅಂಗಡಿಗೆ ಬಂದದ್ದು ಮೂರೂವರೆ ವರ್ಷದ ಮೇಲೆ, 2000ದ ಆಗಸ್ಟ್‌ನಲ್ಲಿ. ಆದರೂ ಜನ ಯಂತ್ರ ಕೊಳ್ಳಲು ಆ ಮಾತೇ ಸಾಕಾಯಿತು. ಕೊನೆಗೆ ಪ್ಲೇಸ್ಟೇಷನ್ 10 ಕೋಟಿ ದಾಟಿತು, ನಿಂಟೆಂಡೊ 64 ಮೂರು ಕೋಟಿ ಮೂವತ್ತು ಲಕ್ಷದ ಹತ್ತಿರ ನಿಂತಿತು.

ಪೇಟೆ ತುಂಬಿದ ಮೇಲೆ ಅದರ ಸೆಳೆತವನ್ನು ಆಣೆ ಪ್ರಮಾಣಗಳೂ ತಡೆಯಲಾರವು. 2002ರ ನವೆಂಬರ್‌ನಲ್ಲಿ ಕ್ಯಾಪ್‌ಕಾಮ್ ಕಂಪನಿ ನಾಲ್ಕನೆಯ ರೆಸಿಡೆಂಟ್ ಈವಿಲ್ ಸೇರಿ ಐದು ಆಟಗಳನ್ನು ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಘೋಷಿಸಿತು. ಗೇಮ್‌ಕ್ಯೂಬ್ ಹೆಚ್ಚು ಮನೆ ಸೇರಲಿಲ್ಲ. ಎರಡನೆಯ ಪ್ಲೇಸ್ಟೇಷನ್ ಎಲ್ಲೆಡೆ ಹರಡಿತ್ತು. ರೆಸಿಡೆಂಟ್ ಈವಿಲ್ 4 ಗೇಮ್‌ಕ್ಯೂಬ್‌ಗೆ ಬಂದದ್ದು 2005ರ ಜನವರಿಯಲ್ಲಿ. ಪ್ಲೇಸ್ಟೇಷನ್ 2ಕ್ಕೂ ಬರಲಿದೆ ಎಂಬ ಸುದ್ದಿ ಅದಕ್ಕೂ ಮೊದಲೇ ಹೊರಟಿತ್ತು. ವರ್ಷ ಮುಗಿಯುವುದರೊಳಗೆ ಬಂತು.

ತುಂಬದ ಪೇಟೆಯನ್ನು ತುಂಬಿಸುವುದು ಹೇಗೆ? ನಮ್ಮ ರಾಣೇಬೆನ್ನೂರಿನ ಕಡೆಯ ಬೀಜದ ಕಂಪನಿಗಳು ಮಾಡುವ ಹಾಗೆ. ಬೀಜ ಕೊಟ್ಟು, ಬೆಳೆದದ್ದನ್ನು ಇಷ್ಟು ದರಕ್ಕೆ ನಾವೇ ಕೊಳ್ಳುತ್ತೇವೆಂದು ರೈತನೊಡನೆ ಕರಾರು ಮಾಡಿಕೊಳ್ಳುತ್ತಾರೆ. ದರ ಬೀಳುವ ಭಯವಿಲ್ಲ. ಬೇರೆಯವರಿಗೆ ಮಾರುವ ಹಕ್ಕೂ ಇಲ್ಲ. ಮೈಕ್ರೊಸಾಫ್ಟ್ ಜಪಾನಿನಲ್ಲಿ ಇದೇ ದಾರಿ ಹಿಡಿಯಿತು. ಅದರ ಎಕ್ಸ್‌ಬಾಕ್ಸ್ 2002ರ ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗಿ ಸೋತಿತ್ತು. ಎರಡನೆಯ ಸಲ, ಎಕ್ಸ್‌ಬಾಕ್ಸ್ 360ಕ್ಕಾಗಿ, ಫೈನಲ್ ಫ್ಯಾಂಟಸಿಯ ಜನಕ ಹಿರೊನೊಬು ಸಕಾಗುಚಿ ಅವರ ಹೊಸ ಸಂಸ್ಥೆಯಿಂದಲೇ ಬ್ಲೂ ಡ್ರ್ಯಾಗನ್, ಲಾಸ್ಟ್ ಒಡಿಸ್ಸಿ ಎಂಬ ಆಟಗಳನ್ನು ಬರೆಸಿತು. ಬ್ಲೂ ಡ್ರ್ಯಾಗನ್ 2006ರ ಡಿಸೆಂಬರ್‌ನಲ್ಲಿ ಬಂದಾಗ ಯಂತ್ರದ ಮಾರಾಟ ಜಿಗಿಯಿತು, ಮತ್ತೆ ಇಳಿಯಿತು. ಜಪಾನಿನಲ್ಲಿ ಎಕ್ಸ್‌ಬಾಕ್ಸ್ 360 ಇಪ್ಪತ್ತು ಲಕ್ಷವನ್ನೂ ಮುಟ್ಟಲಿಲ್ಲ. ಒಂದೆರಡು ಒಳ್ಳೆಯ ಅಂಗಡಿ ಇಟ್ಟ ಮಾತ್ರಕ್ಕೆ ಸಂತೆ ಕೂಡುವುದಿಲ್ಲ. ಆ ಎರಡು ಆಟಗಳು ಒಳ್ಳೆಯವು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಜಪಾನಿನವರು ಎಲ್ಲಿ ಕೂತು ಆಡುತ್ತಾರೆ ಎನ್ನುವುದೂ ಈ ಲೆಕ್ಕದಲ್ಲಿ ಬರುತ್ತದೆ. ಅಲ್ಲಿನ ಪಟ್ಟಣಗಳಲ್ಲಿ ಮನೆ ಇಕ್ಕಟ್ಟು, ಟೀವಿ ಮನೆಮಂದಿಗೆಲ್ಲ ಒಂದು, ರೈಲಿನ ಓಡಾಟ ಉದ್ದ. ಕ್ಯಾಪ್‌ಕಾಮ್‌ನ ಮಾನ್ಸ್ಟರ್ ಹಂಟರ್ 2004ರಲ್ಲಿ ಟೀವಿಯ ಯಂತ್ರಕ್ಕೆ ಬಂದಾಗ ಸಾಧಾರಣ ಗೆಲುವು ಕಂಡಿತ್ತು. ಅಂಗೈಯಲ್ಲಿ ಹಿಡಿಯುವ ಪಿಎಸ್‌ಪಿಗೆ ಬಂದ ಮೇಲೆ, ನಾಲ್ಕು ಜನ ಎದುರುಬದುರು ಕೂತು ಒಂದೇ ಮೃಗವನ್ನು ಬೇಟೆಯಾಡುವಂತಾಯಿತು. ಶಾಲೆ ಬಿಟ್ಟ ಮಕ್ಕಳು ಬರ್ಗರ್ ಅಂಗಡಿಗಳಲ್ಲಿ ಗುಂಪುಗೂಡಿದರು. 2010ರ ಡಿಸೆಂಬರ್‌ನಲ್ಲಿ ಬಂದ ಆವೃತ್ತಿ ಜಪಾನಿನಲ್ಲೇ 45 ಲಕ್ಷಕ್ಕೂ ಹೆಚ್ಚು ಹೋಯಿತು. ಡ್ರ್ಯಾಗನ್ ಕ್ವೆಸ್ಟ್‌ನ ಒಂಬತ್ತನೆಯದು ಕೂಡ, 2009ರಲ್ಲಿ, ಟೀವಿಯನ್ನು ಬಿಟ್ಟು ನಿಂಟೆಂಡೊ ಡಿಎಸ್ ಎಂಬ ಪುಟ್ಟ ಯಂತ್ರಕ್ಕೆ ಬಂತು. ಜೇಬಿನಲ್ಲಿ ಅದನ್ನಿಟ್ಟುಕೊಂಡು ಬೀದಿಯಲ್ಲಿ ಇಬ್ಬರು ಎದುರಾದರೆ ಸಾಕು, ಒಬ್ಬರ ಆಟದಿಂದ ಇನ್ನೊಬ್ಬರ ಆಟಕ್ಕೆ ನಿಧಿಯ ನಕ್ಷೆ ದಾಟುತ್ತಿತ್ತು. ಬಲವಾದ ಯಂತ್ರಗಳು ಅಂಗಡಿಯಲ್ಲಿದ್ದವು; ಆಟದ ಕಂಪನಿಗಳು ಬಲ ಕಡಿಮೆಯಿರುವ ಯಂತ್ರವನ್ನು ತಿಳಿದೇ ಆರಿಸಿದವು.

ಒಂದು ಆಟವನ್ನು ಎಲ್ಲ ಯಂತ್ರಗಳಿಗೂ ಯಾಕೆ ಕೊಡಬಾರದು ಎಂದು ಓದುವವರು ಇಷ್ಟರಲ್ಲಿ ಕೇಳಿಕೊಂಡಿರುತ್ತಾರೆ. ಬಹಳ ಕಾಲ ಅದು ಎರಡು ಸಲ ಬರೆದಷ್ಟೇ ಕಷ್ಟವಾಗಿತ್ತು. ಪ್ಲೇಸ್ಟೇಷನ್ 3ರ ಮಿದುಳು ಸೆಲ್ ಎಂಬ ಚಿಪ್. ಅದರಲ್ಲಿ ಒಬ್ಬ ಮೇಸ್ತ್ರಿ, ಆಟಕ್ಕೆ ಸಿಗುವ ಆರು ಆಳು. ಪ್ರತಿ ಆಳಿನ ಬುಟ್ಟಿಯಲ್ಲಿ 256 ಕಿಲೋಬೈಟಿನಷ್ಟೇ ಜಾಗ. ಕೆಲಸವನ್ನು ಅಷ್ಟಷ್ಟೇ ತುಂಡಾಗಿ ಕತ್ತರಿಸಿ, ಯಾವಾಗ ಯಾರ ಬುಟ್ಟಿಗೆ ಏನು ಹಾಕಬೇಕೆಂದು ಬರೆಯುವವನೇ ಹೇಳಬೇಕು. ಎಕ್ಸ್‌ಬಾಕ್ಸ್ 360ರಲ್ಲಿ 512 ಮೆಗಾಬೈಟಿನ ಒಂದೇ ಕಣಜ. ಪ್ಲೇಸ್ಟೇಷನ್ 3ರಲ್ಲಿ ಅಷ್ಟನ್ನೇ 256ರ ಎರಡು ಪಾಲು ಮಾಡಿದ್ದರು. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಮುಗ್ಗರಿಸುತ್ತಿತ್ತು. ಇಂಥ ಖರ್ಚಿಗೆ ಹೆದರಿಯೇ ಕ್ಯಾಪ್‌ಕಾಮ್ ಮೂರನೆಯ ಮಾನ್ಸ್ಟರ್ ಹಂಟರ್ ಆಟವನ್ನು ಪ್ಲೇಸ್ಟೇಷನ್ 3ರಿಂದ ಕಿತ್ತು ನಿಂಟೆಂಡೊದ ವೀ ಯಂತ್ರಕ್ಕೆ ಸಾಗಿಸಿತು.

2013ರಲ್ಲಿ ಈ ಗೋಡೆ ಬಿತ್ತು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡೂ ಎಎಮ್‌ಡಿ ಕಂಪನಿಯ, ಮನೆಯ ಕಂಪ್ಯೂಟರಿನಲ್ಲಿರುವ ಜಾತಿಯ ಚಿಪ್ಪನ್ನೇ ಹಾಕಿಕೊಂಡವು. ಜೊತೆಗೆ ಅನ್‌ರಿಯಲ್, ಯೂನಿಟಿಯಂಥ ಎಂಜಿನ್‌ಗಳ ಬಳಕೆ ಹರಡಿತು. ಆಟ ಬರೆಯುವವನು ಎಂಜಿನ್ನಿಗೆ ಬರೆದರೆ ಸಾಕು, ಯಂತ್ರದ ಜೊತೆಗಿನ ಜಗಳವನ್ನು ಬಹುಪಾಲು ಅದೇ ನೋಡಿಕೊಳ್ಳುತ್ತದೆ. ಕ್ಯಾಪ್‌ಕಾಮ್ ತನ್ನದೇ ಎಂಜಿನ್ ಕಟ್ಟಿಕೊಂಡಿತು. ಅದರ ಮಾನ್ಸ್ಟರ್ ಹಂಟರ್ ವರ್ಲ್ಡ್ 2018ರಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಕಂಪ್ಯೂಟರ್ ಮೂರಕ್ಕೂ ಬಂದು ಎರಡು ಕೋಟಿ ದಾಟಿತು. ಸ್ಕ್ವೇರ್ ಮತ್ತು ಎನಿಕ್ಸ್ ಅಷ್ಟರಲ್ಲಿ ಒಂದೇ ಕಂಪನಿಯಾಗಿದ್ದವು. 2023ರಲ್ಲಿ ಹದಿನಾರನೆಯ ಫೈನಲ್ ಫ್ಯಾಂಟಸಿಯನ್ನು ಪ್ಲೇಸ್ಟೇಷನ್ 5ಕ್ಕೆ ಮಾತ್ರ ಕೊಟ್ಟ ಸ್ಕ್ವೇರ್ ಎನಿಕ್ಸ್, 2024ರ ಮೇ ತಿಂಗಳಲ್ಲಿ ಇನ್ನು ಮೇಲೆ ದೊಡ್ಡ ಆಟಗಳನ್ನು ಎಲ್ಲ ಯಂತ್ರಗಳಿಗೂ ಒಯ್ಯುವುದಾಗಿ ತನ್ನ ಮೂರು ವರ್ಷದ ಯೋಜನೆಯಲ್ಲಿ ಬರೆಯಿತು.

ನಮ್ಮ ದೇಶದ ಮೊದಲ ಹೆಜ್ಜೆಗಳಲ್ಲೂ ಇದೇ ಲೆಕ್ಕ ಕಾಣುತ್ತದೆ. 2009ರಲ್ಲಿ ಹೈದರಾಬಾದಿನವರು ಮಾಡಿದ ಹನುಮಾನ್ ಆಟ ಪ್ಲೇಸ್ಟೇಷನ್ 2ಕ್ಕೆ ಬಂತು. ಮೂರನೆಯದು ಬಂದು ಎರಡು ವರ್ಷ ಕಳೆದಿತ್ತು. ಭಾರತದ ಮನೆಗಳಲ್ಲಿ ಇದ್ದದ್ದು ಎರಡನೆಯದು. ಈಗ ಹಿರೇಕೆರೂರಿನಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕಾಲೇಜಿನ ಹುಡುಗರ ಕೈಯಲ್ಲಿರುವುದು ಮೊಬೈಲು. ಆಟ ಬರೆಯುವವರು ಅಲ್ಲಿಗೇ ಬಂದಿದ್ದಾರೆ. ಆ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ ಮೊಬೈಲಿನ ಗಾಜು ಬದಲಿಸುತ್ತಾರೆ.

ಇಷ್ಟಾದರೂ ಒಂದು ಕಷ್ಟ ಬಗೆಹರಿದಿಲ್ಲ. ದೊಡ್ಡ ಆಟ ಮಾಡಲು ಮೂರು, ನಾಲ್ಕು, ಐದು ವರ್ಷ ಬೇಕು. ಶುರುಮಾಡುವ ದಿನ ಆರಿಸಿದ ಯಂತ್ರ ಮುಗಿಸುವ ದಿನ ಹಳತಾಗಿರಬಹುದು, ಹೊಸತು ಇನ್ನೂ ಮನೆ ಸೇರಿರದೆ ಇರಬಹುದು. ದೊಡ್ಡಪ್ಪ ಮಳೆಗಾಲದಲ್ಲಿ ಸಸಿ ನೆಡುವಾಗ ಫೆಬ್ರುವರಿಯ ದರ ಗೊತ್ತಿರುತ್ತಿರಲಿಲ್ಲ. ಅದು ಆರೇಳು ತಿಂಗಳ ಮಾತು, ಇದು ಐದು ವರ್ಷದ್ದು. 2021ರ ಮೇ 27ರಂದು, ಮೊದಲ ಡ್ರ್ಯಾಗನ್ ಕ್ವೆಸ್ಟ್ ಬಂದು ಸರಿಯಾಗಿ ಮೂವತ್ತೈದು ವರ್ಷವಾದ ದಿನ, ಅದನ್ನು ರೂಪಿಸಿದ ಯೂಜಿ ಹೊರಿಯಿ ಅವರು ಹನ್ನೆರಡನೆಯದನ್ನು ಘೋಷಿಸಿದರು. ಆಟದ ಹೆಸರು ಹೇಳಿದರು, ಕಥೆ ಹಿಂದಿನವುಗಳಿಗಿಂತ ಗಾಢವಾಗಿರುತ್ತದೆ ಎಂದರು. ಯಾವ ಯಂತ್ರಕ್ಕೆ ಎಂದು ಅವತ್ತು ಹೇಳಲಿಲ್ಲ.